ಸೇತುವೆಗೊಂದು ಬಿಡುವು

ಏಪ್ರಿಲ್ ೧೪

ಸಿಕ್ಕೇಬಿಟ್ಟಿತು! ಮೆಡಿಕಲ್ ಸೀಟು. ಅದೂ ನಮ್ಮೂರಲ್ಲೇ, ಅಮ್ಮ ಹೆಡ್ ನರ್ಸ್ ಆಗಿರುವ ಆಸ್ಪತ್ರೆಯ ಕಾಲೇಜಿನಲ್ಲೇ. ಅಮ್ಮ ಪರದೆಗೆ ಮೂಗು ತಾಗುವಷ್ಟು ಬಗ್ಗಿ ನನ್ನ ಹೆಸರು ಓದಿದಳು, ಕನ್ನಡಕ ಒರೆಸಿಕೊಂಡು ಮತ್ತೆ ಓದಿದಳು. ಆಮೇಲೆ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿಕೊಂಡು ಅತ್ತಳು. ನಲ್ಲಿಯ ಸದ್ದಿನಲ್ಲಿ ಅಳು ಯಾರಿಗೂ ಕೇಳಿಸುವುದಿಲ್ಲ ಎಂದು ಅವಳ ನಂಬಿಕೆ. ಸಂಜೆಯೊಳಗೆ ಇಡೀ ವಾರ್ಡಿಗೆ ಸುದ್ದಿ ಮುಟ್ಟಿ, ನರ್ಸುಗಳ ಕೋಣೆಯಲ್ಲಿ ಅಮ್ಮನ ಕೋಟಿನ ಪಕ್ಕದ ಮೊಳೆಯನ್ನು ನನ್ನ ಕೋಟಿಗೆಂದು ಖಾಲಿ ಮಾಡಿಸಿದ್ದೂ ಆಯಿತು.

ಅಪ್ಪ ಹೈಸ್ಕೂಲಿನ ಭಾಷಾ ಮೇಷ್ಟ್ರು. ಶಾಲೆಯ ಟೈಮ್‌ಟೇಬಲ್ ಹಾಕುವವರೂ ಅವರೇ. ಅದರಲ್ಲಿ ಒಂದು ಮನೆಯೂ ಖಾಲಿ ಇರುವುದಿಲ್ಲ. ಉಳಿದ ಮೇಷ್ಟ್ರುಗಳು ಹಿಂದಿನಿಂದ ಅವರನ್ನು "ಬಿಡುವಿಲ್ಲದಪ್ಪ" ಅನ್ನುತ್ತಾರೆ. ಇವತ್ತು ಊಟವಾದದ್ದೇ ಸ್ಕೇಲು, ಪೆನ್ಸಿಲ್ಲು ಹಿಡಿದು ಕೂತು, ನನ್ನ ಮುಂದಿನ ವರ್ಷಗಳನ್ನೆಲ್ಲ ಗೆರೆ ಹೊಡೆದು ಗೋಡೆಗೆ ಅಂಟಿಸಿದರು. ಮದುವೆ ಎಲ್ಲಿದೆ ಎಂದು ಹುಡುಕಿದೆ. ಇದೆ. ಸ್ಪೆಷಲೈಸೇಷನ್ ಮುಗಿದ ಕೆಳಗಿನ ಮನೆಯಲ್ಲಿ.

ಇನ್ನೊಂದು ತಮಾಷೆ. ಬೇರೆ ಊರಲ್ಲಿ ಸಿವಿಲ್ ಇಂಜಿನಿಯರಿಂಗ್ ಸೀಟೂ ಸಿಕ್ಕಿದೆ. ಅರ್ಜಿ ಹಾಕುವಾಗ ಎರಡನೇ ಆಯ್ಕೆಯ ಜಾಗ ಖಾಲಿ ಉಳಿದಿತ್ತು. "ಖಾಲಿ ಬಿಟ್ರೆ ನೋಡೋಕೆ ಚೆನ್ನಾಗಿರಲ್ಲ" ಎಂದು ಅಪ್ಪ ತಮ್ಮ ತಂಗಿ ಓದಿದ ಕಾಲೇಜನ್ನೇ ತುಂಬಿದ್ದರು. ಮೇ ಮುಗಿಯುವುದರೊಳಗೆ ಎರಡರಲ್ಲಿ ಒಂದನ್ನು ಒಪ್ಪಿಕೊಳ್ಳಬೇಕು. ಒಂದನ್ನು ಒಪ್ಪಿಕೊಂಡರೆ ಇನ್ನೊಂದು ಕೈಬಿಟ್ಟ ಹಾಗೆ. ಇದರಲ್ಲಿ ಯೋಚಿಸುವುದೇನಿದೆ?

ಸಂಜೆ ಅಪ್ಪ ಸ್ಕೂಟರಿನಲ್ಲಿ ಸೇತುವೆ ದಾಟಿಸಿ ಆಚೆ ಪೇಟೆಗೆ ಕರೆದುಕೊಂಡು ಹೋಗಿ ಹೊಸ ಚಪ್ಪಲಿ ಕೊಡಿಸಿದರು. ಮೊದಲು ಸೇತುವೆಯ ಎರಡೂ ತುದಿಯಲ್ಲಿ ಚಕ್ರ "ದಡಕ್" ಅನ್ನುತ್ತಿತ್ತು. ಈಗ ನಮ್ಮ ಕಡೆಯದು ನಿಂತಿದೆ. "ನೋಡಿದ್ಯಾ, ನನ್ನ ಒಂದೇ ಒಂದು ಅರ್ಜಿಗೆ ಹೇಗೆ ನುಣ್ಣಗಾಯ್ತು! ಇನ್ನು ಆಚೆ ತುದಿಗೂ ಒಂದು ಬರೀಬೇಕು" ಎಂದು ಹೆಲ್ಮೆಟ್ಟಿನೊಳಗಿಂದ ಕೂಗಿದರು. ನನಗೆ ಆ ದಡಕ್ ಇಷ್ಟವಿತ್ತು. ಚಿಕ್ಕವಳಿದ್ದಾಗ ಅಪ್ಪನ ಬೆನ್ನಿಗೆ ಒರಗಿ ನಿದ್ದೆ ಹೋಗಿದ್ದರೂ, ದಡಕ್ ಅಂದರೆ ಮನೆ ಬಂತು ಎಂದು ಗೊತ್ತಾಗುತ್ತಿತ್ತು.

ಖುಷಿಯಾಗಿದೆ. ಆಗದೆ ಏನು? ಪರೀಕ್ಷೆ ಮುಗಿದು ಕೈ ಸುಮ್ಮನಿರಲಾರದೆ ಈ ಡೈರಿ ಶುರು ಮಾಡಿದ್ದೇನೆ. ಯಾರೂ ಓದಬಾರದು. ಅಪ್ಪಾ, ನಿಮಗೇ ಹೇಳಿದ್ದು. ಕಾಗುಣಿತ ತಿದ್ದಿದರೆ ಗೊತ್ತಾಗುತ್ತದೆ.

ಏಪ್ರಿಲ್ ೧೮

ಅಮ್ಮ ಆಸ್ಪತ್ರೆ ತೋರಿಸಲು ಕರೆದೊಯ್ದಳು. "ಡಾಕ್ಟ್ರಮ್ಮ ಬಂದ್ರು, ದಾರಿ ಬಿಡ್ರಪ್ಪಾ" ಎಂದು ವಾರ್ಡಿನವರೆಲ್ಲ ರೇಗಿಸಿದರು. ಮೊಳೆಯನ್ನೂ ತೋರಿಸಿದರು. ಅದಕ್ಕೆ ಹೊಸದಾಗಿ ಬಣ್ಣ ಬೇರೆ ಬಳಿದಿದ್ದಾರೆ, ಪಾಪ.

ಒಬ್ಬ ಅಜ್ಜಿಯ ನಾಡಿ ನೋಡಲು ಅಮ್ಮ ಮಂಚದ ಪಕ್ಕ ಕೂತಳು. ಅವಳ ಮುಖ ಹೇಗೋ ಆಯಿತು. ಮನೆಯಲ್ಲಿ ಸಾಬೂನು ಎಲ್ಲಿಟ್ಟಿರಿ, ಟವೆಲ್ ಯಾಕೆ ಒದ್ದೆ ಎಂದು ಕೂಗಾಡುವ ಅಮ್ಮನೇ ಅಲ್ಲ ಅವಳು. ಎರಡು ಬೆರಳಿಟ್ಟು, ಗಡಿಯಾರ ನೋಡುತ್ತ, ಅಲ್ಲಿದ್ದೂ ಅಲ್ಲಿಲ್ಲದವಳ ಹಾಗೆ ಇದ್ದಳು. ಆಮೇಲೆ ನನ್ನ ಬೆರಳು ಹಿಡಿದು ಅಜ್ಜಿಯ ಮಣಿಕಟ್ಟಿನ ಮೇಲೆ ಇಟ್ಟಳು.

"ಏನನ್ನಿಸ್ತು?"

"ಬಡೀತಾ ಇದೆ."

"ಅಷ್ಟೇನಾ?"

"ಚೆನ್ನಾಗಿ ಬಡೀತಾ ಇದೆ" ಅಂದೆ. ಅಜ್ಜಿ ನಕ್ಕರು. ಅಮ್ಮನೂ ನಕ್ಕಳು, ಸ್ವಲ್ಪ ತಡವಾಗಿ.

ಏಪ್ರಿಲ್ ೨೧

ಸುತ್ತಿಗೆ ಅತ್ತೆ ಬಂದಿದ್ದಾಳೆ! ಅಪ್ಪನ ತಂಗಿ. ಸೇತುವೆಗಳನ್ನು ಪರೀಕ್ಷೆ ಮಾಡುವ ಇಂಜಿನಿಯರ್. ನಮ್ಮ ನದಿಯ ಸೇತುವೆಯ ಸರದಿ ಈ ಸಲ ಬಂದಿದೆಯಂತೆ, ಮೂರು ವಾರ ನಮ್ಮಲ್ಲೇ ಇರುತ್ತಾಳೆ. ಅವಳ ಚೀಲದಲ್ಲಿ ಬಟ್ಟೆಗಿಂತ ಸುತ್ತಿಗೆ ಜಾಸ್ತಿ. ಬಂದವಳೇ ನೀರಿನ ಡ್ರಮ್ಮು ತಟ್ಟಿದಳು, ಗೋಡೆ ತಟ್ಟಿದಳು, ಮೇಜಿನ ಮೇಲಿದ್ದ ಕಲ್ಲಂಗಡಿ ತಟ್ಟಿ "ಇದಿನ್ನೂ ಕಾಯಿ, ಯಾರು ನಿಮಗೆ ಟೋಪಿ ಹಾಕಿದ್ದು?" ಅಂದಳು. ಕೊಯ್ದು ನೋಡಿದರೆ ಒಳಗೆ ಬಿಳಿಚಿಕೊಂಡಿತ್ತು. ತಂದವರು ಅಪ್ಪ.

ನನ್ನ ತಲೆಯನ್ನೂ ಬೆರಳಿನಿಂದ ತಟ್ಟಿ, "ಟೊಳ್ಳೇನಿಲ್ಲ. ಆದ್ರೆ ಏನೋ ಸದ್ದು ಕಮ್ಮಿ. ಏನೇ ಪಿಟೀಲು, ಸೀಟು ಸಿಕ್ಕಿದವಳು ಕುಣೀಬೇಕಲ್ವಾ?" ಅಂದಳು. ಚಿಕ್ಕಂದಿನಲ್ಲಿ ಸದಾ ಕುಂಯ್ಯೋ ಅನ್ನುತ್ತಿದ್ದೆ ಎಂದು ಅವಳಿಗೆ ನಾನು ಪಿಟೀಲು. ಕುಣಿದು ಸುಸ್ತಾಗಿದೆ ಅಂದೆ.

ನಾಳೆಯಿಂದ ಟಾರ್ಚ್ ಹಿಡಿಯಲು ನನ್ನನ್ನು ಕರೆದಿದ್ದಾಳೆ. ಅಪ್ಪ ಗೋಡೆಯ ಚಾರ್ಟು ತೋರಿಸಿ, "ಅವಳಿಗೆ ಬೆಳಗ್ಗೆ ಜೀವಶಾಸ್ತ್ರ ಪುನರಾವರ್ತನೆ ಇದೆ" ಅಂದರು. ಅಮ್ಮ, "ಹೋಗ್ಲಿ ಬಿಡಿ, ಮುಂದೆ ಓದಿ ಓದಿ ಬೆನ್ನು ಬಗ್ಗೋದು ಇದ್ದೇ ಇದೆ, ಸ್ವಲ್ಪ ಗಾಳಿ ಕುಡೀಲಿ" ಅಂದಳು.

ಏಪ್ರಿಲ್ ೨೨

ಏನು ಬರೆಯಲಿ, ಎಲ್ಲಿಂದ ಬರೆಯಲಿ! ಸೇತುವೆ ಪೊಳ್ಳು. ಅದರೊಳಗೆ ಹೋಗಬಹುದು. ಇಷ್ಟು ವರ್ಷ ಅದರ ಮೇಲೆ ಓಡಾಡಿದ್ದೇನೆ, ಕೆಳಗೊಂದು ಕೋಣೆಯಿದೆ ಎಂದು ಯಾರೂ ನನಗೆ ಹೇಳಿರಲಿಲ್ಲ.

ಕಂಬದ ಪಕ್ಕದ ಏಣಿ ಹತ್ತಿ, ಒಂದು ಕಬ್ಬಿಣದ ಪುಟ್ಟ ಬಾಗಿಲಿನಿಂದ ಬಗ್ಗಿ ಒಳಗೆ ನುಸುಳಿದೆವು. ಎದ್ದು ನಿಂತೆ. ತಲೆ ತಾಗಲಿಲ್ಲ. ಟಾರ್ಚ್ ಎತ್ತಿ ಹಿಡಿದೆ, ಬೆಳಕು ಹೋಗಿ ಹೋಗಿ ಕತ್ತಲಲ್ಲಿ ಕರಗಿತೇ ಹೊರತು ಕೊನೆ ಮುಟ್ಟಲಿಲ್ಲ. ನದಿಯ ಈ ದಡದಿಂದ ಆ ದಡದವರೆಗೆ ಒಂದೇ ಉದ್ದನೆಯ ಮನೆ! ಮೇಲೆ ಲಾರಿ ಬಂತು. ಆ ಸದ್ದು ದೂರದಲ್ಲಿ ಹುಟ್ಟಿ, ಗೋಡೆಯುದ್ದಕ್ಕೂ ಓಡುತ್ತ ಬಂದು, ನಮ್ಮ ನೆತ್ತಿಯ ಮೇಲೆ ಗುಡುಗಿ, ಆಚೆ ಹೋಗಿ ಸಣ್ಣಗಾಯಿತು. ಕಾಲ ಕೆಳಗೆ ನೆಲ ಒಂಚೂರು ಬಗ್ಗಿ ಮತ್ತೆ ಎದ್ದಿತು. ನಾನು ಗೋಡೆ ಹಿಡಿದುಕೊಂಡೆ.

"ಹೆದರ್ಬೇಡ, ಬಗ್ಗಬೇಕು ಅದು. ಬಗ್ಗದೇ ಇದ್ರೆ ನಾನು ನಿನ್ನ ಎತ್ತಿಕೊಂಡು ಓಡ್ತಿದ್ದೆ" ಅಂದಳು ಅತ್ತೆ.

ಹೆದರಿಕೆಯಲ್ಲ ಅದು. ಬಾಯಿ ಒಣಗಿತ್ತು, ತೋಳಿನ ಕೂದಲು ನಿಂತಿತ್ತು, ಆದರೆ ಹೆದರಿಕೆಯಲ್ಲ. ಅದಕ್ಕೆ ಏನನ್ನಬೇಕೋ ಗೊತ್ತಿಲ್ಲ. ನೂರಾರು ಜನ ಬಸ್ಸಿನಲ್ಲಿ ತೂಕಡಿಸುತ್ತ, ತರಕಾರಿ ಚೀಲ ಹಿಡಿದುಕೊಂಡು ಮೇಲೆ ಹೋಗುತ್ತಿದ್ದಾರೆ, ಕೆಳಗೆ ಇದು ಸದ್ದಿಲ್ಲದೆ ಎಲ್ಲರನ್ನೂ ಹೊತ್ತುಕೊಂಡು ನಿಂತಿದೆ. ಯಾರೋ ಇದನ್ನು ಯೋಚಿಸಿದ್ದಾರೆ! ಇಲ್ಲಿ ಗಾಳಿ ಮಾತ್ರ ಇದ್ದಾಗ ಯಾರೋ ಕುರ್ಚಿಯಲ್ಲಿ ಕೂತು ಇದನ್ನೆಲ್ಲ ತಲೆಯಲ್ಲೇ ಕಂಡಿದ್ದಾರೆ.

ಅತ್ತೆ ಸುತ್ತಿಗೆ ಕೊಟ್ಟು, "ತಟ್ಟಿ ನೋಡು" ಅಂದಳು. ನಾನು ತಟ್ಟಿ, ತಟ್ಟಿದ ಜಾಗವನ್ನು ಟಾರ್ಚಿನಲ್ಲಿ ನೋಡಿದೆ.

"ಅಯ್ಯೋ ಪೆದ್ದಿ, ಕಣ್ಣಲ್ಲಲ್ಲ. ಕಿವೀಲಿ ನೋಡು."

ಮತ್ತೆ ತಟ್ಟಿದೆ. ಟಣ್. ಟಣ್. ಟಣ್. ಒಂದು ಕಡೆ ದಪ್. ಅಲ್ಲಿ ಕಾಂಕ್ರೀಟು ಒಳಗೊಳಗೇ ಬಿಟ್ಟುಕೊಂಡಿದೆಯಂತೆ. ಅತ್ತೆ ಸೀಮೆಸುಣ್ಣದಿಂದ ಅದರ ಸುತ್ತ ಗೆರೆ ಎಳೆದಳು. ದಪ್ ಅನ್ನುವುದು ನನ್ನ ಕೈಗೆ ಕಿವಿಗಿಂತ ಮೊದಲೇ ಗೊತ್ತಾಯಿತು.

ಮನೆಗೆ ಬಂದು ಎಲ್ಲವನ್ನೂ ಹೇಳಿದೆ. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಪುನರಾವರ್ತನೆ?"

ಏಪ್ರಿಲ್ ೨೩

ಕೈ ಎತ್ತಲಾಗುತ್ತಿಲ್ಲ. ಊಟದ ತಟ್ಟೆಯನ್ನು ಚಮಚದಿಂದ ತಟ್ಟಿದ್ದಕ್ಕೆ ಅಮ್ಮನ ಕೈಲಿ ಬೈಸಿಕೊಂಡೆ. ನಾಳೆ ಇನ್ನೂ ಬೇಗ ಹೋಗುತ್ತೇವೆ.

ಏಪ್ರಿಲ್ ೨೭

ಸೇತುವೆ ಬೆಳೆಯುತ್ತದೆ! ಸುಳ್ಳಲ್ಲ, ನನ್ನ ಕಣ್ಣಾರೆ ಕಂಡೆ.

ಮುಂಜಾನೆ ತಂಪಿನಲ್ಲಿ ಆಚೆ ತುದಿಯಲ್ಲಿ ಅತ್ತೆ ನನ್ನ ಕೈಲಿ ಒಂದು ಗೆರೆ ಎಳೆಸಿದಳು, ಅರ್ಧ ಸೇತುವೆಯ ಮೇಲೆ, ಅರ್ಧ ಅದನ್ನು ಹೊತ್ತ ಗೋಡೆಯ ಮೇಲೆ. ಮಧ್ಯಾಹ್ನ ಸುಡುಬಿಸಿಲಲ್ಲಿ ಮತ್ತೆ ಹೋದೆವು. ಗೆರೆ ತುಂಡಾಗಿತ್ತು. ಸೇತುವೆಯ ಕಡೆಯ ಅರ್ಧ ಒಂದು ಬೆರಳಿನಗಲ ಮುಂದೆ ಸರಿದಿತ್ತು. ಅಷ್ಟು ದೊಡ್ಡ ಮೈ, ಆನೆಗಳನ್ನು ಸಾಲಾಗಿ ನಿಲ್ಲಿಸಿದರೂ ಜಗ್ಗದ ಮೈ, ಯಾರಿಗೂ ಹೇಳದೆ ಕೇಳದೆ ನಡೆದುಬಿಟ್ಟಿದೆ!

"ಬಿಸಿಲಿಗೆ ಹಿಗ್ಗುತ್ತೆ, ರಾತ್ರಿ ಕುಗ್ಗುತ್ತೆ. ನಡುಕಂಬದಲ್ಲಿ ಕಟ್ಟಿಹಾಕಿದಾರೆ, ಹಾಗಾಗಿ ಎರಡೂ ಕಡೆಗೆ ಮೈ ಮುರಿಯುತ್ತೆ. ಅದಕ್ಕೇ ಎರಡೂ ತುದೀಲಿ ಸಂದು ಬಿಟ್ಟಿರ್ತಾರೆ. ನಾವು ಅದನ್ನ ಬಿಡುವು ಅಂತೀವಿ" ಅಂದಳು ಅತ್ತೆ. "ಗಾಡಿ ಹೋದಾಗ ದಡಕ್ ಅನ್ನುತ್ತಲ್ಲ, ಅದೇ."

"ಹಾಗಾದ್ರೆ ನಮ್ಮ ಕಡೆ ಬಿಡುವಿಲ್ಲ."

"ಏನಂದೆ?"

"ನಮ್ಮ ತುದೀಲಿ ದಡಕ್ ಅನ್ನಲ್ಲ. ಹೋದ ಚಳಿಗಾಲದಿಂದ ನಿಂತುಹೋಗಿದೆ."

ಅತ್ತೆ ಬಾಟಲಿಯ ನೀರು ಕುಡಿಯುತ್ತಿದ್ದವಳು ಹಾಗೇ ಬಾಟಲಿ ಇಳಿಸಿದಳು. ಬಿಸಿಲಲ್ಲಿ ಸೇತುವೆಯುದ್ದಕ್ಕೂ ದಾಪುಗಾಲು ಹಾಕಿಕೊಂಡು ನಡೆದಳು, ನಾನು ಹಿಂದೆ ಓಡಿದೆ. ನಮ್ಮ ತುದಿಯಲ್ಲಿ ಸಂದು ಕಾಣಲೇ ಇಲ್ಲ. ಡಾಂಬರು ಹಾಸಿತ್ತು. ಅತ್ತೆ ಮಂಡಿಯೂರಿ, ಗಾಡಿಗಳು ಹಾರನ್ ಹೊಡೆಯುತ್ತಿದ್ದರೂ ಲೆಕ್ಕಿಸದೆ ತಟ್ಟಿದಳು. ಸಂದಿನ ತುಂಬ ಕಾಂಕ್ರೀಟು ತುರುಕಿ ಮೇಲೆ ಡಾಂಬರು ಬಳಿದಿದ್ದಾರೆ.

"ಯಾವ ಪುಣ್ಯಾತ್ಮನ ಕೆಲಸ ಇದು?" ಎಂದಳು.

ನನಗೆ ಗೊತ್ತಿತ್ತು. ನಾಲಿಗೆ ತುದಿಗೆ ಬಂದ ಮಾತು ನುಂಗಿಕೊಂಡೆ.

ಏಪ್ರಿಲ್ ೨೮

ನುಂಗಿಕೊಂಡದ್ದು ದಕ್ಕಲಿಲ್ಲ. ನಮ್ಮ ಕಡೆಯ ತುದಿಗೋಡೆಯಲ್ಲಿ ಅತ್ತೆಗೆ ಬಿರುಕು ಸಿಕ್ಕಿತು. ಚಾಚಲು ಜಾಗವಿಲ್ಲದೆ ಸೇತುವೆ ಆ ಗೋಡೆಯನ್ನು ಒತ್ತುತ್ತಿದೆ. ಇನ್ನೂ ಎರಡು ಬೇಸಿಗೆ ಹೀಗೇ ಇದ್ದಿದ್ದರೆ ಗೋಡೆಗೆ ಏನಾಗುತ್ತಿತ್ತೋ, ಅದರ ಮೇಲಿನವರಿಗೆ ಏನಾಗುತ್ತಿತ್ತೋ. ಅತ್ತೆಯ ಮುಖ ನೋಡಿ ತಡೆಯಲಾಗಲಿಲ್ಲ. "ಅಪ್ಪ" ಅಂದೆ.

ಊಟಕ್ಕೆ ಕೂತಾಗ ಅತ್ತೆ ಮೆಲ್ಲಗೆ ಕೇಳಿದಳು. "ಅಣ್ಣಾ, ಸೇತುವೆ ಬಗ್ಗೆ ಅರ್ಜಿ ಬರೆದ್ಯಂತಲ್ಲ, ಏನಂತ ಬರೆದೆ?"

ಅಪ್ಪನ ಮುಖ ಅರಳಿತು. ಬಾಯಿಪಾಠವೇ ಇತ್ತು. "ಸೇತುವೆಯ ತುದಿಯಲ್ಲಿ ಅಡ್ಡಲಾಗಿ ಉದ್ದನೆಯ ಬಿರುಕು ಉಂಟಾಗಿದ್ದು, ಅದನ್ನು ಕೂಡಲೇ ಮುಚ್ಚಿಸಿ ಸಾರ್ವಜನಿಕರಿಗೆ ಅನುಕೂಲ ಮಾಡಿಕೊಡಬೇಕಾಗಿ ವಿನಂತಿ."

"ಅದು ಬಿರುಕಲ್ಲ ಕಣಣ್ಣ. ಬಿಡುವು."

ಅಪ್ಪ ಅನ್ನದ ಮೇಲೆ ಇಟ್ಟ ಕೈ ಹಾಗೇ ಇತ್ತು. ರಸ್ತೆ ಹಾಕುವವರು ಬೇರೆಯಂತೆ, ಸೇತುವೆ ನೋಡಿಕೊಳ್ಳುವವರು ಬೇರೆಯಂತೆ. ರಸ್ತೆಯವರು ಅರ್ಜಿಯಲ್ಲಿ ಬಿರುಕು ಎಂದು ಓದಿ ಬಿರುಕು ಮುಚ್ಚಿದ್ದಾರೆ. ಊರಿನವರ ಕಾಗುಣಿತ, ಪದ, ಅರ್ಥ ಎಲ್ಲ ತಿದ್ದುವ ಅಪ್ಪ ಒಂದು ಪದ ತಪ್ಪು ಬರೆದರು, ಗೋಡೆ ನಿಜವಾಗಿಯೂ ಬಿರುಕು ಬಿಟ್ಟಿತು. ನಗು ಬರಬೇಕಿತ್ತು, ಬರಲಿಲ್ಲ. ಅಪ್ಪ ಎದ್ದು ಹೋಗಿ ಅರ್ಥಕೋಶ ತೆಗೆದರು. ಪಾಪ, ಎಷ್ಟೋ ಹೊತ್ತು ಅದನ್ನು ಹಿಡಿದುಕೊಂಡು ಕೂತಿದ್ದರು.

ಮೇ ೬

ಇವತ್ತನ್ನು ನಾನು ಮುದುಕಿಯಾದರೂ ಮರೆಯುವುದಿಲ್ಲ.

ಸೇತುವೆಯ ಮೇಲೆ ಗಾಡಿ ನಿಲ್ಲಿಸಿದ್ದರು. ಮೇಸ್ತ್ರಿ ಮತ್ತು ಅವರ ಕಡೆಯವರು ಬೆಳಗ್ಗೆಯಿಂದ ಸಂದು ಬಿಡಿಸುತ್ತಿದ್ದರು. ಅಪ್ಪ ಶಾಲೆಗೆ ರಜೆ ಹಾಕಿ ಕೊಡೆ ಹಿಡಿದುಕೊಂಡು ಬಂದಿದ್ದರು. ಅಪ್ಪ, ರಜೆ! ಬಿಸಿಲು ಏರುತ್ತ ಏರುತ್ತ ಉಳಿದ ಕಾಂಕ್ರೀಟು ಸಣ್ಣಗೆ ಕಿರುಗುಟ್ಟತೊಡಗಿತು. ಅತ್ತೆ ಎಲ್ಲರನ್ನೂ ಹಿಂದೆ ಸರಿಸಿದಳು. "ಇನ್ನು ಅದೇ ಬಿಡಿಸಿಕೊಳ್ಳುತ್ತೆ" ಅಂದಳು.

ಕಾದೆವು. ನದಿಯ ಸದ್ದು ಅಷ್ಟು ಸ್ಪಷ್ಟವಾಗಿ ಯಾವತ್ತೂ ಕೇಳಿರಲಿಲ್ಲ.

ಧಡ್!

ಕಿವಿಗಿಂತ ಮೊದಲು ಎದೆಗೆ ಬಡಿಯಿತು. ಕೊನೆಯ ತುಂಡು ಪುಡಿಯಾಗಿ ಧೂಳೆದ್ದಿತು, ಕಂಬಗಳ ಕೆಳಗಿನ ಪಾರಿವಾಳಗಳೆಲ್ಲ ಒಟ್ಟಿಗೆ ಹಾರಿದವು. ಇಡೀ ಸೇತುವೆ, ನಾವು ನಿಂತಿದ್ದ ಇಡೀ ಸೇತುವೆ, ಒಂದು ಬೆರಳು ಮುಂದೆ ಬಂದು ನಿಂತಿತು. ಆಮೇಲೆ ಒಂದು ಉದ್ದನೆಯ ಸದ್ದು, ಆ ಕಡೆಯಿಂದ ಈ ಕಡೆಗೆ, ಒಳಗಿನ ಆ ಕತ್ತಲ ಕೋಣೆಯ ತುಂಬ.

"ಉಸಿರು ಬಿಡ್ತು" ಅಂದರು ಅಪ್ಪ. ಕೊಡೆ ಯಾವಾಗ ಕೆಳಗೆ ಬಿದ್ದಿತ್ತೋ. ಮೇಸ್ತ್ರಿ ಹೆಲ್ಮೆಟ್ಟು ತೆಗೆದು ನಿಂತಿದ್ದರು. ನಾನು ಅಳುತ್ತಿದ್ದೆ ಎಂದು ಅತ್ತೆ ಹೇಳಿದಳು, ನನಗೇನೂ ಗೊತ್ತಾಗಲಿಲ್ಲ. ಧೂಳು ಇರಬೇಕು.

ಮೇ ೯

ಅಮ್ಮನಿಗೆ ಡ್ಯೂಟಿ ಜಾಸ್ತಿಯಾಗಿ ಸುಸ್ತು ಅನ್ನಿಸುತ್ತದೆ. ಧಡ್ ಅಂದದ್ದನ್ನು ನಾನು ಹೇಳುತ್ತಿದ್ದರೆ ನನ್ನ ಬಾಯಿಯನ್ನೇ ನೋಡುತ್ತ ಕೂತಿರುತ್ತಾಳೆ. ಇವತ್ತು, "ಇದನ್ನ ಎಷ್ಟನೇ ಸಲ ಹೇಳ್ತಿದೀಯ ಗೊತ್ತಾ?" ಅಂದಳು. ಅವಳಿಗೆ ಪೂರ್ತಿ ಅರ್ಥವಾಗಿಲ್ಲವೇನೋ ಎಂದು ಮತ್ತೆ ಮೊದಲಿನಿಂದ ಹೇಳಿದೆ.

ಅತ್ತೆಯ ಹತ್ತಿರ ಅವಳ ಕಾಲೇಜಿನ ಬಗ್ಗೆ ವಿಚಾರಿಸಿದೆ. ಸುಮ್ಮನೆ, ತಿಳಿದುಕೊಳ್ಳೋಣ ಅಂತ. ಹಾಸ್ಟೆಲ್ ಕಿಟಕಿಯಿಂದ ಏನು ಕಾಣುತ್ತದೆ, ಸೇತುವೆ ಪಾಠ ಯಾವ ವರ್ಷದಲ್ಲಿ ಬರುತ್ತದೆ, ಹುಡುಗಿಯರು ಎಷ್ಟಿರುತ್ತಾರೆ, ಮೊದಲ ವರ್ಷವೇ ಸುತ್ತಿಗೆ ಕೊಡುತ್ತಾರಾ. ನಾನೇನು, ಮೆಡಿಕಲ್ ಸೇರುವವಳು. "ಪಿಟೀಲು, ನೀನು ಭಲೇ ಜಾಣೆ" ಅಂದಳು ಅತ್ತೆ. ಯಾಕೆ ಹಾಗಂದಳೋ.

ಮೇ ೧೨

ಅತ್ತೆ ಹೋದಳು. ಮನೆ ದಪ್ ಅನ್ನುತ್ತಿದೆ.

ಮೇ ೧೬

ಅಮ್ಮ ಬಿಳಿ ಕೋಟು ಹೊಲಿಸಿಕೊಂಡು ಬಂದಳು. ಜೇಬಿನ ಮೇಲೆ ನೀಲಿ ದಾರದಲ್ಲಿ ನನ್ನ ಹೆಸರು, ಅವಳೇ ಕೂತು ಹಾಕಿದ್ದು. "ಹಾಕ್ಕೋ ನೋಡೋಣ" ಅಂದಳು. ಹಾಕಿಕೊಂಡೆ. ಅಳತೆ ಸರಿಯಾಗಿತ್ತು. ಕನ್ನಡಿಯಲ್ಲಿ ನಾನು ಡಾಕ್ಟರೇ. ಅಮ್ಮ ಹಿಂದೆ ನಿಂತು ನನ್ನ ಭುಜ ಸರಿ ಮಾಡುತ್ತಿದ್ದಳು. ಕನ್ನಡಿಯಲ್ಲಿ ಅವಳು ಎಷ್ಟು ಚೆನ್ನಾಗಿ ಕಾಣುತ್ತಿದ್ದಳು!

ನನಗೆ ಅಳು ಬಂತು. ಬಿಕ್ಕಿ ಬಿಕ್ಕಿ, ನಿಲ್ಲಿಸಲಾಗದ ಹಾಗೆ ಬಂತು.

"ಯಾಕೆ ಪುಟ್ಟಾ?"

"ಗೊತ್ತಿಲ್ಲ."

"ಬಿಗಿ ಆಯ್ತಾ?"

"ಇಲ್ಲ. ಸರಿಯಾಗಿದೆ."

ಅಮ್ಮ ಕೋಟು ಬಿಚ್ಚಿಸಿ, ಮಡಿಸಿ, ಬೀರುವಿನಲ್ಲಿಟ್ಟು ಡ್ಯೂಟಿಗೆ ಹೋದಳು. ಚೀಲ ಮರೆತು ಹೋಗಿದ್ದಳು. ಅಪ್ಪ ಹಿಂದೆ ಸ್ಕೂಟರಿನಲ್ಲಿ ಒಯ್ದು ಕೊಟ್ಟರು.

ನಿಜವಾಗಿಯೂ ಗೊತ್ತಿಲ್ಲ ಯಾಕೆ ಅಂತ.

ಮೇ ೨೦

ಮನೆಯಲ್ಲಿ ಯಾರೂ ಜಗಳವಾಡಿಲ್ಲ, ಆದರೂ ಯಾರೂ ಮಾತಾಡುತ್ತಿಲ್ಲ. ಅಮ್ಮ ನನಗೆ ಬಡಿಸುತ್ತಾಳೆ, ನಾನು ತಿನ್ನುತ್ತೇನೆ. "ಯಾವತ್ತು ಒಪ್ಪಿಗೆ ಕೊಡೋದು?" ಎಂದು ಅಪ್ಪ ಕೇಳಿದರೆ ನಾನೂ ಅಮ್ಮನೂ ಒಟ್ಟಿಗೆ "ನೋಡೋಣ" ಅಂದುಬಿಟ್ಟೆವು. ಅಪ್ಪ ಇಬ್ಬರನ್ನೂ ನೋಡಿ, "ಈ ಮನೆಯಲ್ಲೂ ಎಲ್ಲೋ ಬಿರುಕು..." ಎಂದು ಶುರು ಮಾಡಿ, ನಿಲ್ಲಿಸಿ, "ಆ ಪದ ನನ್ನ ಬಾಯಲ್ಲಿ ಬೇಡ ಬಿಡಿ" ಎಂದು ಎದ್ದು ಹೋದರು.

ಮೇ ೨೫

ರಾತ್ರಿ ಪಾಳಿ ಮುಗಿಸಿ ಬಂದ ಅಮ್ಮ ಮಲಗಲಿಲ್ಲ. ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು, "ನಡಿ, ಆ ನಿನ್ನ ಸೇತುವೆ ತೋರಿಸು" ಅಂದಳು.

ಇಬ್ಬರೂ ನಡೆದೇ ಹೋದೆವು. ದಾರಿಯುದ್ದಕ್ಕೂ ಬರೀ ಚಪ್ಪಲಿ ಸದ್ದು. ಸೇತುವೆಯ ತುದಿಯಲ್ಲಿ ಸಂದು ತೋರಿಸಿದೆ. ಈಗ ಎರಡು ಉಕ್ಕಿನ ಪಟ್ಟಿಗಳ ನಡುವೆ ಸ್ವಚ್ಛವಾಗಿದೆ, ಬಗ್ಗಿದರೆ ಕೆಳಗೆ ನದಿಯ ಹೊಳಪು ಕಾಣುತ್ತದೆ. ಅಮ್ಮ ಬಗ್ಗಿ ನೋಡಿದಳು.

"ಇಷ್ಟೇನಾ? ಇಷ್ಟು ದೊಡ್ಡ ಸೇತುವೆಗೆ ಇಷ್ಟು ಸಾಕಾ?"

"ಇಷ್ಟು ಸಾಕಮ್ಮ. ಆದ್ರೆ ಇಷ್ಟು ಬೇಕೇ ಬೇಕು."

ಆಮೇಲೆ ಅಮ್ಮ ಮಾಡಿದ್ದನ್ನು ನೋಡಿ ನಾನು ಕಲ್ಲಾದೆ. ಅವಳು ಸೇತುವೆಯ ಅಂಚಿನ ಕಟಾಂಜನದ ಹತ್ತಿರ ಹೋಗಿ, ಎರಡು ಬೆರಳನ್ನು ಕಬ್ಬಿಣದ ಮೇಲಿಟ್ಟು, ಇನ್ನೊಂದು ಕೈಯ ಗಡಿಯಾರ ನೋಡುತ್ತ ನಿಂತಳು. ಅದೇ ಮುಖ. ಅಜ್ಜಿಯ ಮಂಚದ ಪಕ್ಕ ಕಂಡ ಅದೇ ಮುಖ. ಒಂದು ಬಸ್ಸು ಹೋಯಿತು, ಒಂದು ಲಾರಿ ಬಂತು.

"ಏನಮ್ಮಾ ಮಾಡ್ತಿದೀಯ?"

"ಶ್!" ಲಾರಿ ದಾಟುವವರೆಗೂ ಬೆರಳು ತೆಗೆಯಲಿಲ್ಲ. "ಬರುವಾಗ ಏರುತ್ತೆ, ಹೋದ್ಮೇಲೆ ಇಳಿಯುತ್ತೆ. ಜೀವ ಇದೆ ಕಣೇ ಇದಕ್ಕೆ!"

ಅವಳ ಕಣ್ಣು ಅಷ್ಟು ಅಗಲವಾದದ್ದನ್ನು ನಾನು ಕಂಡಿರಲಿಲ್ಲ. ಇಡೀ ರಾತ್ರಿ ನಿಂತು ಕೆಲಸ ಮಾಡಿ ಬಂದವಳು, ಕಣ್ಣಿನ ಕೆಳಗೆ ಕಪ್ಪು, ಕೂದಲು ಕೆದರಿದೆ, ಸೇತುವೆಯ ನಾಡಿ ನೋಡುತ್ತಿದ್ದಾಳೆ. ಸೇತುವೆಯ ಹೊಟ್ಟೆಯೊಳಗೆ ನಿಂತಾಗಲೂ ನನಗೆ ಹೀಗೆ ಮೈ ಝುಂ ಅಂದಿರಲಿಲ್ಲ. ಈ ಹೆಂಗಸಿನ ಜೊತೆ ಹದಿನೆಂಟು ವರ್ಷ ಸಾಬೂನಿಗೆ, ಟವೆಲ್ಲಿಗೆ ಜಗಳವಾಡಿಕೊಂಡು ಇದ್ದೆನಲ್ಲ!

"ಅವತ್ತು ಅಜ್ಜಿ ಕೈ ಹಿಡಿಸಿದ್ನಲ್ಲ" ಎಂದಳು ಅಮ್ಮ, ನದಿಯ ಕಡೆ ನೋಡುತ್ತ. "ಬಡೀತಾ ಇದೆ ಅಂದೆ ನೀನು. ನನಗೆ ಮೊದಲ ಸಲ ನಾಡಿ ಸಿಕ್ಕಿದ ದಿನ ಊಟ ಸೇರಿರಲಿಲ್ಲ, ಯಾರ ಕೈ ಸಿಕ್ಕರೆ ಅವರ ಕೈ ಹಿಡ್ಕೊಂಡು ಕೂತಿದ್ದೆ. ನೀನು ಬಡೀತಾ ಇದೆ ಅಂದಾಗಲೇ ನನಗೆ ಗೊತ್ತಾಯ್ತು. ಗೊತ್ತಾಗ್ಲಿಲ್ಲ ಅಂತ ನನಗೆ ನಾನೇ ಹೇಳ್ಕೊಂಡು ಕೋಟು ಹೊಲಿಸಿದೆ."

"ಅಮ್ಮಾ, ನಾನು ಏನೂ ಹೇಳೇ ಇಲ್ವಲ್ಲ."

"ಹೇಳಬೇಕಾ? ಧಡ್ ಅಂತು, ಧಡ್ ಅಂತು ಅಂತ ಮೂರು ವಾರದಿಂದ ನನ್ನ ಕಿವಿ ತೂತು ಮಾಡಿದೀಯ." ನಕ್ಕಳು. ನಗುವುದು ಅರ್ಧಕ್ಕೇ ನಿಂತಿತು. "ವಾರ್ಡಿನಲ್ಲಿ ನನ್ನ ಪಕ್ಕ ನೀನು ನಡ್ಕೊಂಡು ಬರಬೇಕು ಅಂತ ಇತ್ತು. ತುಂಬ ಇತ್ತು. ಅದು ನನ್ನಾಸೆ. ಅದನ್ನ ನಿನ್ನ ಸಂದಿಗೆ ತುರುಕಬಾರದು."

ಅಲ್ಲಿ ನಲ್ಲಿ ಇರಲಿಲ್ಲ. ಅಮ್ಮ ಲಾರಿಗಾಗಿ ಕಾದು, ಅದರ ಸದ್ದಿನಲ್ಲಿ ಅತ್ತಳು. ನಾನು ಅವಳನ್ನು ತಬ್ಬಿಕೊಂಡೆ. ನನಗೆ ಸೇತುವೆ ಬೇಕು ಎಂದು ಆಗ ಮೊದಲ ಸಲ ನನ್ನ ಬಾಯಿಂದ ಬಂತು, ಬಂದ ಮೇಲೆ ನನಗೇ ಗಾಬರಿಯಾಯಿತು. ಎಷ್ಟು ದಿನದಿಂದ ಒಳಗೆ ಕೂತಿತ್ತೋ ಅದು.

ಮೇ ೩೧

ಸಿವಿಲ್ ಒಪ್ಪಿಕೊಂಡೆ. ಗುಂಡಿ ಒತ್ತುವ ಮುಂಚೆ ಕಾಲೇಜಿನ ಹೆಸರನ್ನು ಎರಡು ಸಲ ಓದಿದೆ. ಅಮ್ಮ ನೋಡಲಾರೆ ಎಂದು ಅಡುಗೆಮನೆಗೆ ಹೋದಳು. ನಲ್ಲಿ ತಿರುಗಿಸಿದ್ದು ಕೇಳಿಸಿತು. ಆಮೇಲೆ ಅಲ್ಲಿಂದಲೇ, "ಒತ್ತಿದ್ಯೇನೇ?" ಎಂದು ಕೂಗಿದಳು. ಮೆಡಿಕಲ್ ಸೀಟಿನ ಸಾಲು ಪರದೆಯಿಂದ ಮಾಯವಾಯಿತು. ಅದನ್ನು ನೋಡಿದಾಗ ಸಂಕಟವಾಯಿತು, ಸುಳ್ಳು ಯಾಕೆ ಬರೆಯಲಿ.

ಅಪ್ಪ ಹಳೆಯ ಚಾರ್ಟು ಕಿತ್ತು ಹೊಸದು ಅಂಟಿಸಿದ್ದಾರೆ. ಮದುವೆ ಕಾಣಿಸುತ್ತಿಲ್ಲ. ಅಚ್ಚರಿಯೆಂದರೆ ಪ್ರತಿ ಸಾಲಿನಲ್ಲೂ ಒಂದೊಂದು ಮನೆ ಖಾಲಿ ಬಿಡಲು ಪ್ರಯತ್ನಿಸಿದ್ದಾರೆ. ಪೆನ್ಸಿಲ್ಲಿನಲ್ಲಿ ಬರೆದು ಅಳಿಸಿ, ಬರೆದು ಅಳಿಸಿ ಕಾಗದ ಸವೆದಿದೆ. ಕೊನೆಗೆ ತಡೆಯಲಾರದೆ ಅಷ್ಟೂ ಮನೆಗಳಲ್ಲಿ ಮುದ್ದಾದ ಅಕ್ಷರದಲ್ಲಿ ಬರೆದುಬಿಟ್ಟಿದ್ದಾರೆ: ಬಿಡುವು.

ಜೂನ್ ೩೦

ಬಸ್ಸಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕುಣಿಯುತ್ತಿದೆ.

ಅಪ್ಪ ನಿಲ್ದಾಣದಲ್ಲೇ ಬೀಳ್ಕೊಟ್ಟರು. ಅಮ್ಮನ ಆಸ್ಪತ್ರೆ ಸೇತುವೆಯ ಈಚೆ ಕೊನೆಯ ನಿಲುಗಡೆ, ಅಲ್ಲಿಯವರೆಗೆ ನನ್ನ ಪಕ್ಕ ಕೂತಳು. ಮೊಳೆಗೆ ಈಗ ಯಾರ ಕೋಟು ಎಂದು ಕೇಳಿದೆ. "ಯಾರದೂ ಇಲ್ಲ. ನನ್ನ ಕೊಡೆ ಹಾಕಿದೀನಿ. ಮಳೆಗಾಲ ಅಲ್ವಾ" ಅಂದಳು. ಅತ್ತೆ ಕೊಟ್ಟ ಸುತ್ತಿಗೆ ಚೀಲದಲ್ಲಿ ಇಟ್ಟಿದ್ದೀಯಾ, ಒದ್ದೆ ಟವೆಲ್ ಮಡಿಸಿಡಬೇಡ, ಹೆಲ್ಮೆಟ್ಟಿಲ್ಲದೆ ಯಾವ ಬಿಲದೊಳಗೂ ನುಗ್ಗಬೇಡ ಅಂದಳು.

ಅವಳು ಕಿಟಕಿಯಾಚೆ ನೋಡುತ್ತಿದ್ದಾಳೆ ಎಂದುಕೊಂಡಿದ್ದೆ. ನನ್ನ ಮಣಿಕಟ್ಟಿನ ಮೇಲೆ ಅವಳ ಎರಡು ಬೆರಳು ಯಾವಾಗ ಬಂದು ಕೂತವೋ ಗೊತ್ತಾಗಲಿಲ್ಲ. ಅವಳು ಗಡಿಯಾರ ನೋಡುತ್ತಿದ್ದಳು.

"ಎಷ್ಟಿದೆಯಮ್ಮಾ?"

"ಸ್ವಲ್ಪ ಜೋರು." ಬೆರಳು ತೆಗೆಯಲು ಅವಳಿಗೆ ತಡವಾಯಿತು. "ಇರಲಿ ಬಿಡು. ಇವತ್ತು ಹಾಗೇ ಇರಬೇಕು."

ನಿಲುಗಡೆ ಬಂತು, ಅಮ್ಮ ಇಳಿದಳು. ಬಸ್ಸು ಹೊರಟಿತು, ನಾನು ಕಿವಿಗೊಟ್ಟು ಕಾದೆ. ದಡಕ್.